ದೊಡ್ಡಪ್ಪ ಓದದೆ ಬಿಟ್ಟ ಸುದ್ದಿ

೧೯೬೫ರ ಸೆಪ್ಟೆಂಬರ್ ತಿಂಗಳು. ಗಣೇಶನ ಹಬ್ಬ ಕಳೆದಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ನಾನು ನಮ್ಮೂರಿನ ಪಂಚಾಯ್ತಿ ವಾಚನಾಲಯದ ಬಾಗಿಲಲ್ಲಿ, ಎಡಗಡೆಯ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅಲ್ಲಿಂದ ಒಳಗಿನ ಮೇಜೂ ಹೊರಗಿನ ಜಗಲಿಯೂ ಕಾಣುತ್ತಿದ್ದವು. ನನಗೆ ಆಗ ಒಂಬತ್ತು ವರ್ಷ. ಊರು ಸೂಲಿಬೆಲೆಯ ಹತ್ತಿರ.

ಆ ಕಾಲದಲ್ಲಿ ನಮ್ಮೂರಿನವರು ಪತ್ರಿಕೆಯನ್ನು ಕೇಳುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಬೆಂಗಳೂರಿನಿಂದ ಒಂದೇ ಪ್ರತಿ ಬರುತ್ತಿತ್ತು. ವಾಚನಾಲಯ ನೋಡಿಕೊಳ್ಳುತ್ತಿದ್ದ ನನ್ನ ದೊಡ್ಡಪ್ಪ ಸಂಜೆ ಅದನ್ನು ಮೇಜಿನ ಮೇಲೆ ಹರಡಿ ಗಟ್ಟಿಯಾಗಿ ಓದುತ್ತಿದ್ದರು. ಗಂಡಸರು ಒಳಗೆ ಬೆಂಚಿನ ಮೇಲೆ, ಹೆಂಗಸರು ಹೊರಗೆ ಜಗಲಿಯ ಮೇಲೆ, ಕಿಟಕಿಯ ಕೆಳಗೆ. ರಾಗಿ ಹೊಲದಲ್ಲಿ ಕಳೆ ಕಿತ್ತು ನೇರವಾಗಿ ಬಂದವರ ಮಡಿಲಲ್ಲಿ ಅಣ್ಣೆಸೊಪ್ಪು ಇರುತ್ತಿತ್ತು. ಆ ಸೊಪ್ಪಿನ ಹಸಿ ವಾಸನೆ, ಬೀಡಿಯ ಹೊಗೆ, ಸೀಮೆಎಣ್ಣೆ ದೀಪದ ಕಮಟು ಎಲ್ಲ ಬೆರೆತ ಗಾಳಿಯಲ್ಲಿ ನಾನು ಲೋಕದ ಸುದ್ದಿ ಕೇಳಿ ಬೆಳೆದೆ.

ಕೇಳುವವರು ಸುಮ್ಮನೆ ಕೇಳುತ್ತಿರಲಿಲ್ಲ. “ತಡಿ ತಡಿ, ಅದ್ನ ಇನ್ನೊಂದ್ಸಲ ಓದು” ಎನ್ನುತ್ತಿದ್ದರು. ಚೌಡಪ್ಪನೆಂಬ ತರುಣ, “ಮಂತ್ರಿಗಳ ಭಾಷಣ ಮಡಗು ಗುರುವೇ, ರೇಷ್ಮೆ ಗೂಡಿನ ರೇಟ್ ಹೇಳು” ಎಂದು ಕೂಗುತ್ತಿದ್ದ. “ನೀನು ಸಾಕಿರೋದು ನಾಕು ಹುಳ, ಅದಕ್ಕೆ ರೇಟು ಬೇರೆ ಕೇಡು” ಎಂದು ದೊಡ್ಡಪ್ಪ ರೇಗಿಸಿ, ಅದನ್ನೇ ಮೊದಲು ಓದುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಓದುವ ಮುನ್ನ ಕನ್ನಡಕದ ಮೇಲಿನಿಂದ ಒಮ್ಮೆ ಒಳಗಿನವರನ್ನೂ ಕಿಟಕಿಯಾಚೆಯವರನ್ನೂ ನೋಡುತ್ತಿದ್ದರು. ಆಮೇಲೆ ಬೆರಳಿಟ್ಟು ಓದುತ್ತಿದ್ದರು. ಆ ಬೆರಳು ಕೆಲವೊಮ್ಮೆ ಒಂದು ಇಡೀ ಸುದ್ದಿಯನ್ನು ದಾಟಿ ಕೆಳಗಿಳಿಯುತ್ತಿತ್ತು. ದೊಡ್ಡವರು ಓದುವುದೇ ಹೀಗೆ ಎಂದುಕೊಂಡಿದ್ದೆ.

ಆ ದಿನಗಳಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ನಡೆಯುತ್ತಿತ್ತು. ನಮ್ಮೂರಿನಿಂದ ಸೈನ್ಯಕ್ಕೆ ಹೋಗಿದ್ದವನು ಒಬ್ಬನೇ, ಮುನಿತಾಯಮ್ಮನ ಮಗ ಮುನಿರಾಜು. ಅವನಿಂದ ಸುದ್ದಿ ಬಂದು ಬಹಳ ದಿನಗಳಾಗಿದ್ದವು. ಮುನಿತಾಯಮ್ಮ ಮಗಳು ಲಕ್ಷ್ಮಿಯನ್ನು ಕರೆದುಕೊಂಡು ಪ್ರತಿ ಸಂಜೆ ಬಂದು ಕಿಟಕಿಯ ಕೆಳಗೆ ಕೂರುತ್ತಿದ್ದಳು. ಓದು ಮುಗಿದ ಮೇಲೆ, “ಇವತ್ತೂ ನಮ್ಮೋರ್ದೇ ಮೇಲುಗೈ ಅಲ್ವೇನಣ್ಣಾ?” ಎಂದು ಕೇಳುವಳು. “ಹೂಂ ಕಣಮ್ಮಾ” ಎಂದು ದೊಡ್ಡಪ್ಪ ಪತ್ರಿಕೆ ಮಡಚುವರು.

ನಾನು ಹೇಳುತ್ತಿರುವ ಸಂಜೆ ವಾಚನಾಲಯಕ್ಕೆ ರೇಡಿಯೋ ಬಂತು. ಮರದ ಪೆಟ್ಟಿಗೆ, ಇಟ್ಟಿಗೆಯಂಥ ಬ್ಯಾಟರಿ, ಸೂರಿನಿಂದ ಬೇವಿನ ಮರಕ್ಕೆ ಬಿಗಿದ ತಂತಿ. ಚೇರ್ಮನ್ ಪಿಳ್ಳಪ್ಪನವರು ಅದಕ್ಕೆ ಕುಂಕುಮವಿಟ್ಟು, ಚೆಂಡುಹೂ ಮುಡಿಸಿ, ಕಾಯಿ ಒಡೆದರು. ನಮಗೆಲ್ಲ ಕಾಯಿ ಚೂರು, ಬೆಲ್ಲ ಸಿಕ್ಕಿತು. ದೊಡ್ಡಪ್ಪ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟುಕೊಂಡು ತಾವೂ ಬೆಂಚಿನ ಮೇಲೆ ಕೂತರು.

ಪಿಳ್ಳಪ್ಪನವರು ಗುಂಡಿ ತಿರುಗಿಸಿದರು. ಗೊರಗೊರ ಸದ್ದು ನಿಂತು ಸುದ್ದಿ ಶುರುವಾಯಿತು. ಗಡಿಯಲ್ಲಿ ಘೋರ ಕಾಳಗ ನಡೆದಿದೆ, ನಮ್ಮ ಸೈನಿಕರೂ ಪ್ರಾಣ ಕಳೆದುಕೊಂಡಿದ್ದಾರೆ ಎಂದು ಆ ದನಿ ಹೇಳಿತು. ಹೇಳಿ ಮುಂದಿನ ಸುದ್ದಿಗೆ ಹೋಯಿತು.

ಮುನಿತಾಯಮ್ಮ ಎದ್ದು ಕಿಟಕಿಯ ಸರಳು ಹಿಡಿದಳು. “ಒಸಿ ನಿಲ್ಸಪ್ಪಾ. ಈಗೇನೋ ಹೇಳ್ತಲ್ಲ, ಇನ್ನೊಂದ್ಸಲ ಹೇಳ್ಸು.”

“ಅದು ನಿಲ್ಲಾಕಿಲ್ಲ ಕಣಮ್ಮಾ, ಬೆಂಗ್ಳೂರಾಗೆ ಕುಂತು ಹೇಳ್ತಾವ್ರೆ” ಎಂದರು ಪಿಳ್ಳಪ್ಪ.

“ಜೋರಾಗ್ ಕೂಗಕ್ಕಾ, ಕೇಳಿಸ್ಬೋದು!” ಎಂದ ಚೌಡಪ್ಪ. ಇಬ್ಬರು ನಕ್ಕರು. ಮುನಿತಾಯಮ್ಮ ನಗುವವರನ್ನು ನೋಡಲಿಲ್ಲ. ದೊಡ್ಡಪ್ಪನನ್ನು ನೋಡಿದಳು.

“ಅಣ್ಣಾ, ನೀನು ದಿನಾ ಓದ್ತಿದ್ದಲ್ಲ. ಅದ್ರಾಗೆ ನಮ್ಮೋರು ಒಬ್ರೂ ಸತ್ತಿರ್ನಿಲ್ವಲ್ಲ?”

ಪಿಳ್ಳಪ್ಪನವರು ರೇಡಿಯೋ ಆರಿಸಿದರು. ದೊಡ್ಡಪ್ಪ ಕನ್ನಡಕ ತೆಗೆದರು. “ಇತ್ತು ಕಣಮ್ಮಾ. ಹೆಸ್ರು ಇರ್ನಿಲ್ಲ. ನೀನು ಕುಂತಿರ್ತಿದ್ದೆ. ಬಿಟ್ಟುಬಿಡ್ತಿದ್ದೆ.”

ಅವಳು ಸರಳು ಬಿಡಲಿಲ್ಲ. ಬೈಯುತ್ತಾಳೆಂದು ನಾನು ಹೆದರಿದೆ. ಅವಳು ಮೆಲ್ಲಗೆ, “ನಾನು ದಿನಾ ಮನೇಗೋಗಿ ಹೊಟ್ಟೆ ತುಂಬ ಉಂಡು ಮಲಗ್ತಿದ್ನಲ್ಲಣ್ಣಾ” ಎಂದಳು. ಅಷ್ಟೇ. ಲಕ್ಷ್ಮಿಯ ಕೈ ಹಿಡಿದು ಹೊರಟುಹೋದಳು. ಆ ಮಾತು ದೂರೋ, ಕೃತಜ್ಞತೆಯೋ ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ.

ಮರುದಿನ ಬಂದಳು. ರೇಡಿಯೋ ಮುಗಿಯುವವರೆಗೂ ನಿಂತೇ ಕೇಳಿದಳು. ದೊಡ್ಡಪ್ಪ ಪತ್ರಿಕೆ ಬಿಡಿಸಿ, “ಇವತ್ತು ಒಂದಕ್ಸರ ಬಿಡಾಕಿಲ್ಲ, ಕುಂತ್ಕೋ ತಾಯಿ” ಎಂದರು. “ಬಿಡ್ನಿಲ್ಲ ಅಂತ ನಾನ್ ಹೆಂಗಣ್ಣಾ ತಿಳ್ಕೊಳ್ಳಲಿ?” ಎಂದು ಹೊರಟಳು. ಬೆಂಚಿನ ಮೇಲಿದ್ದವರೂ ಯೋಚನೆಗೆ ಬಿದ್ದರು. ಕೋರ್ಟಿನಲ್ಲಿ ಜಮೀನಿನ ವ್ಯಾಜ್ಯವಿದ್ದವನಿಗೆ, ಮಗಳನ್ನು ಕಳೆದುಕೊಂಡವನಿಗೆ, ತನ್ನೆದುರು ದೊಡ್ಡಪ್ಪ ಯಾವುದನ್ನು ಓದದೆ ಬಿಟ್ಟಿದ್ದರೋ ಎಂಬ ಅನುಮಾನ. ಚೌಡಪ್ಪನೂ ಗೂಡಿನ ರೇಟು ಕೇಳುವುದನ್ನು ಬಿಟ್ಟ. ಯುದ್ಧ ನಿಲ್ಲುವ ಹೊತ್ತಿಗೆ ದೊಡ್ಡಪ್ಪನ ಓದು ನಿಂತಿತ್ತು.

ಮುನಿರಾಜು ಸತ್ತಿರಲಿಲ್ಲ. ರಾಗಿ ಕೊಯ್ಲಿನ ಕಾಲಕ್ಕೆ ರಜೆಯ ಮೇಲೆ ಬಂದ. ನಡೆದದ್ದನ್ನು ತಾಯಿಯಿಂದ ಕೇಳಿ, ಅವಳನ್ನೂ ಕರೆದುಕೊಂಡು ವಾಚನಾಲಯಕ್ಕೆ ಬಂದು, “ಮಾವಾ, ಮೊದಲ್ನಂಗೆ ಒಂದ್ಸಲ ಓದಿ, ಕೇಳ್ತೀವಿ” ಎಂದ. ದೊಡ್ಡಪ್ಪ ಓದಿದರು. ಎಲ್ಲವನ್ನೂ ಓದಿದರು, ಕೊಲೆ, ರೈಲು ಅಪಘಾತ, ಹಸಿವು, ಒಂದನ್ನೂ ಬಿಡಲಿಲ್ಲ. ಒಮ್ಮೆಯೂ ತಲೆಯೆತ್ತಿ ಎದುರಿಗಿದ್ದವರ ಮುಖ ನೋಡಲಿಲ್ಲ. ಆಮೇಲೆ ಯಾರೂ ಅವರನ್ನು ಓದಲು ಕೇಳಲಿಲ್ಲ.

ಈಗ ಅದೇ ಜಾಗದಲ್ಲಿ ಪಂಚಾಯ್ತಿಯ ಡಿಜಿಟಲ್ ಗ್ರಂಥಾಲಯವಿದೆ. ಕಂಪ್ಯೂಟರ್ ಇದೆ, ಟ್ಯಾಬ್ ಇದೆ. ಬಟನ್ ಒತ್ತಿದರೆ ಪತ್ರಿಕೆಯನ್ನು ಅದೇ ಓದುತ್ತದೆ. ಕಣ್ಣು ಕಾಣದ ಹುಡುಗಿಯೊಬ್ಬಳು ಅದರಲ್ಲೇ ಪಾಠ ಕೇಳಿ ಪರೀಕ್ಷೆ ಪಾಸಾದಳು. ನಿಲ್ಲಿಸೆಂದರೆ ನಿಲ್ಲುತ್ತದೆ, ಎಷ್ಟು ಸಲ ಬೇಕಾದರೂ ಮತ್ತೆ ಹೇಳುತ್ತದೆ. ಮುನಿತಾಯಮ್ಮ ಕೇಳಿದ್ದೂ ಅದನ್ನೇ. ಅದನ್ನು ಹೇಗೆ ದೂರಲಿ? ತನ್ನ ಸುದ್ದಿಯನ್ನು ಪೂರ್ತಿ ತಿಳಿಯುವ ಹಕ್ಕು ಅವಳಿಗಿತ್ತು. ಆದರೂ, ಕೇಳುತ್ತಿರುವವರು ಯಾರೆಂದು ನೋಡಿ ಒಂದು ಗಳಿಗೆ ತಡೆಯುವ ದನಿಯನ್ನು ಆ ಕೋಣೆಯಲ್ಲಿ ನಾನು ಮತ್ತೆ ಕೇಳಿಲ್ಲ.

ದೊಡ್ಡಪ್ಪ ಇಲ್ಲ, ಮುನಿತಾಯಮ್ಮ ಇಲ್ಲ, ಪಿಳ್ಳಪ್ಪನವರೂ ಮುನಿರಾಜುವೂ ಇಲ್ಲ. ಆ ಸಂಜೆ ಅಲ್ಲಿದ್ದವರಲ್ಲಿ, ನನಗೆ ತಿಳಿದಂತೆ, ಇನ್ನಿಬ್ಬರು ಬದುಕಿದ್ದಾರೆ. ಚೌಡಪ್ಪ ಜಡಿಗೇನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಆಗಿನ ಲಕ್ಷ್ಮಿ, ಈಗಿನ ಲಕ್ಷ್ಮಕ್ಕ, ಸೂಲಿಬೆಲೆಯಲ್ಲಿದ್ದಾಳೆ. ಮದುವೆ, ತಿಥಿಗಳಲ್ಲಿ ಮೂವರೂ ಒಂದೇ ಸಾಲಿನಲ್ಲಿ ಕೂತು ಉಂಡಿದ್ದೇವೆ. ಈ ಮಾತನ್ನು ಮಾತ್ರ ಒಬ್ಬರೂ ಎತ್ತಿಲ್ಲ.