ವ್ಲಾಸ್ತಾ ಟೀಚರ ತೂಕ

ಅಮೆರಿಕದ ನೆಬ್ರಾಸ್ಕಾದ ಒಂದು ಪುಟ್ಟ ವಿಮಾನ ನಿಲ್ದಾಣದಲ್ಲಿ, ವಿಮಾನ ಹಾರಿಸಲು ಕಲಿಯುವವರಿಗೆ ಮೂವತ್ತು ಚಳಿಗಾಲ ಮಂಗಳವಾರದ ಪಾಠ ಹೇಳುವುದನ್ನು ತಪ್ಪಿಸದ ವ್ಲಾಸ್ತಾ ಕುಬಿಚೆಕ್ ಒಮ್ಮೆಯೂ ವಿಮಾನ ಹತ್ತಿದವಳಲ್ಲ. ನಗಬೇಡಿ. ಗಾಳಿ, ಮೋಡ, ನಕ್ಷೆ, ಇಂಧನದ ಲೆಕ್ಕ ಕಲಿಸುವವರು ಹಾರಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತೆಂದು ಡಾಕ್ಟರು ಅವಳಿಗೆ ಲೈಸೆನ್ಸ್ ಬೇಡವೆಂದಿದ್ದರು. ಶಿಷ್ಯರು ಪಕ್ಕದ ಸೀಟಿಗೆ ಕರೆದರೆ, ನಾನೇನು ಗೋಧಿ ಮೂಟೆಯಾ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಒಳಗಿನ ಮಾತೇ ಬೇರೆ. ಪುಸ್ತಕ ನೋಡಿ ಹೇಳಿಕೊಟ್ಟಿದ್ದು ಮೇಲೆ ಹೋದಾಗ ಸುಳ್ಳೆಂದು ಗೊತ್ತಾಗಿಬಿಟ್ಟರೆ? ಪಾಪ, ಈ ಭಯಕ್ಕೇ ಅವಳು ನೆಲ ಬಿಟ್ಟಿರಲಿಲ್ಲ.

ಪಾಠದಲ್ಲಿ ಮಾತ್ರ ಮಹಾ ಹಠಮಾರಿ. ವಿಮಾನ ಹೊರುವ ತೂಕದ ಲೆಕ್ಕದ ದಿನ, ಬೀಜದಂಗಡಿಯಿಂದ ತಂದಿಟ್ಟ ಹಳೇ ತೂಕದ ಯಂತ್ರದ ಮೇಲೆ ಎಲ್ಲರೂ ಬೂಟು ಸಮೇತ ನಿಲ್ಲಬೇಕು. ನಿಲ್ಲದವರ ಪರೀಕ್ಷೆಯ ಕಾಗದಕ್ಕೆ ಅವಳ ಸಹಿ ಇಲ್ಲ. ಅರವತ್ತನೇ ವಯಸ್ಸಿಗೆ ಕಲಿಯಲು ಬಂದ ಗೋಧಿ ಬೆಳೆಗಾರ ಎಮೆಟ್ ಸ್ಟುರ್ ಮದುವೆಯಾದಾಗಿನ ತೂಕವನ್ನೇ ಬರೆದಿದ್ದ.

“ಎಂಜಿನ್‌ಗೆ ನಿನ್ನ ಮದುವೆ ಫೋಟೋ ತೋರಿಸ್ತೀಯೇನೋ?” ಎಂದು ಯಂತ್ರ ಹತ್ತಿಸಿದಳು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳು ಮಾಡಿ ತಂದಿದ್ದ ಗಸಗಸೆ ಬನ್ನು ಎರಡು ಹೆಚ್ಚು ತಿಂದು ಎಮೆಟ್ ಸಮಾಧಾನ ಮಾಡಿಕೊಂಡ.

ಮರುವರ್ಷದ ಬೇಸಿಗೆಯಲ್ಲಿ ಲೈಸೆನ್ಸ್ ಕೈಗೆ ಬಂದ ದಿನ ಎಮೆಟ್ ವಿಮಾನದ ತೂಕದ ಲೆಕ್ಕ ಬರೆದ ಒಂದು ಹಾಳೆ ತಂದು ಅವಳ ಮುಂದಿಟ್ಟ. ಪ್ರಯಾಣಿಕರು ಎಂಬಲ್ಲಿ ಅವಳ ಹೆಸರು, ಎದುರಿಗೆ ನೂರ ನಲವತ್ತು ಪೌಂಡು. ಪಾಠದ ಉದಾಹರಣೆಗಳಲ್ಲಿ ಅವಳು ತನ್ನದೆಂದು ಬರೆಯುತ್ತಿದ್ದ ತೂಕ. ಮೂವತ್ತು ವರ್ಷದಿಂದ ಅದೇ ನೂರ ನಲವತ್ತು!

ಅವಳು ಹಾಳೆಯನ್ನು ಹಿಂದಕ್ಕೆ ತಳ್ಳಿದಳು. “ಲೆಕ್ಕ ತಪ್ಪಿದೆ.”

“ಹಾಗಾದ್ರೆ ಸರಿ ಮಾಡಿ ಟೀಚರ್, ಯಂತ್ರ ಅಲ್ಲೇ ಇದೆ. ನಿಮಗೂ ಎಪ್ಪತ್ತೊಂದಾಯ್ತು. ಇನ್ಯಾವಾಗ ಬರ್ತೀರಿ?”

ತಪ್ಪು ಲೆಕ್ಕವನ್ನು ಹಾಗೇ ಬಿಡುವುದು ಅವಳ ಜಾಯಮಾನವಲ್ಲ. ಹಲ್ಲು ಕಚ್ಚಿ ಯಂತ್ರ ಹತ್ತಿದಳು. ನೂರ ಅರವತ್ತಮೂರು. ಎಮೆಟ್ ನಗಲಿಲ್ಲ. ಅವಳೇ ಪೆನ್ಸಿಲ್ ಹಿಡಿದು ಮೊದಲಿನಿಂದ ಲೆಕ್ಕ ಹಾಕಿದಳು, ಎರಡು ಸಲ ತಾಳೆ ನೋಡಿದಳು. ತಪ್ಪು ಹುಡುಕಲು ಇನ್ನೇನೂ ಉಳಿಯದಿದ್ದಾಗ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಹೊರಟಳು.

ಮೇಲೆ ಹೋದ ಮೇಲೆ ಅವಳು ಕಿಟಕಿಗೆ ಹಣೆಯೊತ್ತಿ ಕೆಳಗೆ ನೋಡಿದಳು. ಮಡಿಲಲ್ಲಿ ಪಾಠದ ಅದೇ ಹಳೇ ನಕ್ಷೆ. ನದಿ, ತಾನು ಬೆರಳಿಟ್ಟು ತೋರಿಸುತ್ತಿದ್ದಲ್ಲೇ ತಿರುಗಿತ್ತು. ರೈಲುಹಳಿ ಕಾಳು ತುಂಬಿಡುವ ಗೋಪುರದ ಎಡಕ್ಕೇ ಹಾದಿತ್ತು. ಬಿಸಿಲಿಗೆ ಕಾದ ಉತ್ತ ಹೊಲದ ಮೇಲೆ ವಿಮಾನ ಕುಲುಕುತ್ತದೆ ಎಂದು ವರ್ಷವರ್ಷವೂ ಹೇಳುತ್ತಿದ್ದಳು, ಹಾಗೇ ಕುಲುಕಿತು.

ಅವಳ ಕೆನ್ನೆ ಒದ್ದೆಯಾಗಿತ್ತು.

“ಎಮೆಟ್, ನಾನು ಹೇಳ್ಕೊಟ್ಟಿದ್ದೆಲ್ಲಾ ನಿಜ ಕಣೋ” ಎಂದಳು.