ನೂರೈವತ್ತು ಅಂಕ ಬಾಕಿ ಇದ್ದಾಗ

ಬೆಳಗಿನ ಆರೂವರೆ. ಸಿದ್ಧ ಉಡುಪು ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ನಲವತ್ತೆರಡು ಹೊಲಿಗೆ ಯಂತ್ರಗಳ ಸಾಲಿನಲ್ಲಿ ಒಬ್ಬರೇ ಹೆಂಗಸು, ಕಿವಿಯ ಹಿಂದೆ ಪುಟ್ಟ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಒಂದೊಂದರಲ್ಲೂ ಹಳೇ ಬಟ್ಟೆಯ ತುಂಡಿನ ಮೇಲೆ ನಾಲ್ಕು ಇಂಚು ಹೊಲಿದು ನೋಡುತ್ತಾರೆ. ನೋಡುತ್ತಾರೆ ಎನ್ನುವುದಕ್ಕಿಂತ ಕೇಳುತ್ತಾರೆ ಎನ್ನಬೇಕು. "ಇದು ಗೊಣಗ್ತಿದೆ," ಎಂದು ಹದಿನೇಳನೆಯದರ ಮುಂದೆ ಕೂರುತ್ತಾರೆ. ಎಂಟಕ್ಕೆ ಹೊಲಿಯುವವರು ಬರುವಷ್ಟರಲ್ಲಿ ಅದರ ಗೊಣಗಾಟ ನಿಲ್ಲಬೇಕು.

ಕಾರ್ಖಾನೆಯವರಿಗೆಲ್ಲ ಇವರು, ಅಡಿದಾರ ಸುತ್ತುವ ಉರುಳೆಯ ಹೆಸರಲ್ಲೇ, ಬಾಬಿನ್ ಅಕ್ಕ. ಸೋದರಮಾವನ ರಿಪೇರಿ ಅಂಗಡಿಯಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಲೇ ಕಲಿತ ವಿದ್ಯೆ. ಮೊದಲ ವರ್ಷ ಮೇಲ್ವಿಚಾರಕರು ಇವರನ್ನು ಕಂಡರೂ "ಮೆಕ್ಯಾನಿಕ್ ಎಲ್ಲಿ?" ಎಂದೇ ಕೇಳುತ್ತಿದ್ದರಂತೆ. ಈಗ ಯಂತ್ರ ಕೈಕೊಟ್ಟರೆ ಇವರ ಹೆಸರೇ ಮೊದಲು ಬಾಯಿಗೆ ಬರುತ್ತದೆ.

ಚಹಾದ ಬಿಡುವಿನಲ್ಲಿ ಅಕ್ಕನ ಇನ್ನೊಂದು ಕೆಲಸ ಶುರು. ಫೋನಿನಲ್ಲಿ ಹೊಲಿಗೆ ಯಂತ್ರದವರದೇ ಒಂದು ಪ್ರಶ್ನೋತ್ತರ ವೇದಿಕೆ. ಯಾರೋ ತೊಂದರೆ ಹೇಳಿಕೊಳ್ಳುತ್ತಾರೆ, ಬಲ್ಲವರು ಉತ್ತರಿಸುತ್ತಾರೆ, ಮೆಚ್ಚಿದವರು ಒತ್ತುವ ಒಂದೊಂದು ಮೆಚ್ಚುಗೆಗೂ ಹತ್ತು ಅಂಕ. ಹತ್ತು ಸಾವಿರ ದಾಟಿದವರು 'ತಜ್ಞ'. ಅಲ್ಲಿಂದ ಮುಂದೆ ಬೇರೆಯವರ ಉತ್ತರವನ್ನೂ ತಿದ್ದಬಹುದು. ಇವರು ಅಲ್ಲಿ ಇಟ್ಟುಕೊಂಡ ಹೆಸರು ಬರೀ 'ಬಾಬಿನ್', ಫೋಟೋ ಇಲ್ಲದ ಕಾರಣ ಎಲ್ಲರೂ 'ಬಾಬಿನ್ ಸರ್' ಎನ್ನುತ್ತಾರೆ. "ಸರ್ ಅಂತಾನೇ ಕರೀಲಿ ಬಿಡಿ, ಮಿಷನ್ ಓಡಿದ್ರೆ ಸಾಕು," ಎಂದು ನಗುತ್ತಾರೆ.

ಮನೆಯಲ್ಲಿ ಅತ್ತೆ ಮಾತ್ರ ಬಿಡುವುದಿಲ್ಲ. "ಆ ಅಂಕ ಕೊಟ್ರೆ ಅಂಗಡಿಯವನು ಅರ್ಧ ಲೀಟರ್ ಹಾಲು ಕೊಡ್ತಾನೇನಮ್ಮ?" ಆದರೂ ಸೊಸೆಗೆ ಎದ್ದ ಕೂಡಲೇ ಮುಖ ತೊಳೆಯುವ ಮೊದಲು ಅಂಕ ನೋಡುವ ಚಟ ಅಂಟಿಕೊಂಡಿತ್ತು.

ಚಟದ ಬೆನ್ನಿಗೇ ಅವಸರವೂ ಬಂತು. ಮೊದಲು ಬರೆದವರಿಗೆ ಮೆಚ್ಚುಗೆ ಹೆಚ್ಚು. ಒಮ್ಮೆ ಮನೆಯಲ್ಲೇ ಹೊಲಿಯುವ ಹೆಣ್ಣುಮಗಳೊಬ್ಬಳು, ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿದೆ ಎಂದು ಕೇಳಿದಳು. ಅಕ್ಕ ಹಿಂದೆಮುಂದೆ ನೋಡದೆ, ಸೂಜಿಯ ಕೆಳಗೆ ದಾರ ಹಿಡಿಯುವ ಶಟಲ್ ಬಿಚ್ಚಿ, ಸೂಜಿಯ ಜೊತೆ ಅದರ ಟೈಮಿಂಗ್ ಸರಿಮಾಡುವ ವಿಧಾನವನ್ನು ಚಿತ್ರ ಸಮೇತ ಉದ್ದಕ್ಕೆ ಬರೆದರು. ಅದು ಅವರ ಅತಿ ಜನಪ್ರಿಯ ಉತ್ತರವಾಯಿತು. ವಾರ ಕಳೆದ ಮೇಲೆ ಅವಳದೇ ಸಂದೇಶ: ನೀವು ಹೇಳಿದ ಹಾಗೇ ಬಿಚ್ಚಿದೆ ಸರ್, ಈಗ ಕೂಡಿಸೋಕೆ ಬರ್ತಿಲ್ಲ, ಶಾಲಾ ಸಮವಸ್ತ್ರ ಎಲ್ಲಾ ಹಾಗೇ ಬಿದ್ದಿದೆ.

ಅಕ್ಕ ಭಾನುವಾರ ವೀಡಿಯೊ ಕರೆ ಮಾಡಿದರು. "ಅಯ್ಯೋ, ನೀವು ಸರ್ ಅಲ್ವಾ?" ಎಂದಳಂತೆ ಅವಳು. ಅರ್ಧ ದಿನ ಹಿಡಿದು ಶಟಲ್ ಕೂಡಿಸಿದ ಮೇಲೆ ಅಕ್ಕನ ಕಣ್ಣು ಸೂಜಿಯ ಮೇಲೆ ಬಿತ್ತು. ಹಿಂದಕ್ಕಿರಬೇಕಾದ ಚಪ್ಪಟೆ ಬದಿ ಮುಂದಕ್ಕಿತ್ತು. ತಿರುಗಿಸಿ ಹಾಕಿಸಿದರು. ಹೊಲಿಗೆ ನೆಟ್ಟಗೆ ಬಿತ್ತು; ಶಟಲ್ ಬಿಚ್ಚುವ ಅಗತ್ಯವೇ ಇರಲಿಲ್ಲ.

"ಕಾರ್ಖಾನೇಲಿ ನಾನು ಮೊದಲು ನೋಡೋದೇ ಸೂಜಿ. ಫೋನಲ್ಲಿ ಮಾತ್ರ ಕೇಳೋಕೇ ಹೋಗಲಿಲ್ಲ. ಸೂಜಿ ಯಾವ ಕಡೆ ಇದೆ ಅಂತ ಕೇಳಿದ್ರೆ ಯಾರು ಅಂಕ ಕೊಡ್ತಾರೆ?"

ಆ ಉತ್ತರ ಅಳಿಸಬೇಕು ಅನ್ನಿಸಿತು, ಆದರೆ ಅಳಿಸಿದರೆ ಅದರ ಅಂಕವೂ ಹೋಗುತ್ತದೆ. ಹತ್ತು ಸಾವಿರ ಮುಟ್ಟಿದ ಮೇಲೆ ಅಳಿಸಿ ಸರ್, ಒಮ್ಮೆ ಬಂದ ತಜ್ಞ ಪಟ್ಟ ಹೋಗಲ್ಲ ಎಂದು ವೇದಿಕೆಯ ಗೆಳೆಯನೊಬ್ಬ ಬುದ್ಧಿ ಹೇಳಿದ. ಅಕ್ಕನಿಗೂ ಅದು ಹಿಡಿಸಿತ್ತು. "ಹನ್ನೊಂದು ದಿನ ಹಾಗೇ ಬಿಟ್ಟೆ. ನಾಚಿಕೆ ಆಗತ್ತೆ ಹೇಳೋಕೆ. ದಿನಾ ಮೆಚ್ಚುಗೆ ಬರೋದು, ಒಂದೊಂದು ಬಂದಾಗ್ಲೂ ಇನ್ಯಾರೋ ಶಟಲ್ ಬಿಚ್ಕೊಂಡು ಕೂತಿರ್ತಾರೆ ಅನ್ನಿಸೋದು."

ಹನ್ನೆರಡನೇ ದಿನ, ಒಂಬತ್ತು ಸಾವಿರದ ಎಂಟುನೂರೈವತ್ತು ಇದ್ದಾಗ, ಅಳಿಸಿದರು. ಎರಡು ಸಾವಿರದ ನೂರಿಪ್ಪತ್ತು ಅಂಕ ಒಂದೇ ಏಟಿಗೆ ಹೋಯಿತು. ಅಂದು ಊಟ ಸೇರಲಿಲ್ಲವಂತೆ. ಹಾಲಿನ ಮಾತು ಎತ್ತದೆ ಅತ್ತೆ ಪಕ್ಕದಲ್ಲಿ ಕೂತಿದ್ದರು.

ಈಗ ಅಕ್ಕ ಬರೆಯುವುದು ಹೆಚ್ಚಾಗಿ ಪ್ರಶ್ನೆಗಳ ಕೆಳಗಿನ ಟಿಪ್ಪಣಿ ಜಾಗದಲ್ಲಿ. ಅಲ್ಲಿ ಅಂಕ ಇಲ್ಲ. ಯಾವ ಮಿಷನ್, ಯಾವ ದಾರ, ಸೂಜಿ ಯಾವ ಕಡೆ ಎಂದು ಒಂದೊಂದೇ ಕೇಳುತ್ತಾರೆ. ಎಷ್ಟೋ ಜನ ಅಷ್ಟಕ್ಕೇ ಸರಿಹೋಯ್ತು ಎಂದು ಬರೆದು ಹೊರಟುಹೋಗುತ್ತಾರೆ. ನಾಲ್ಕು ತಿಂಗಳಲ್ಲಿ ಏರಿದ್ದು ಇನ್ನೂರು ಅಂಕ.

ತಜ್ಞ ಆಗುವ ಆಸೆ ಬಿಟ್ಟಿರಾ ಎಂದರೆ ಸ್ಕ್ರೂಡ್ರೈವರ್ ಒರೆಸಿ ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ. "ಸುಳ್ಳು ಯಾಕೆ ಹೇಳ್ಲಿ, ಇದೆ. ಆದ್ರೆ ನನ್ನ ಅಂಕ ನೋಡಿ ನಂಬಿ ಮಿಷನ್ ಬಿಚ್ಚೋರು ಇದಾರಲ್ಲ. ಬಿಚ್ಚಿದ್ದು ಮತ್ತೆ ಕೂಡ್ಬೇಕು. ಆಮೇಲೆ ಅಂಕ ಎಷ್ಟಾದ್ರೂ ಬರಲಿ."

ಎಂಟು ಹೊಡೆಯುತ್ತದೆ. ಹದಿನೇಳನೇ ಯಂತ್ರದವಳು ಬಂದು ಕೂತು, ಏನನ್ನೂ ಗಮನಿಸದೆ, ಹೊಲಿಯಲು ತೊಡಗುತ್ತಾಳೆ. ಬಾಬಿನ್ ಅಕ್ಕ ಬಾಗಿಲ ಬಳಿ ನಿಂತು ಒಂದು ಕ್ಷಣ ಗೊಣಗಾಟವಿಲ್ಲದ ಆ ಸದ್ದು ಕೇಳಿಸಿಕೊಳ್ಳುತ್ತಾರೆ.