ಉಪದೇಶಿ ಅಜ್ಜ ಹಾಕದೆ ಬಿಟ್ಟ ನೀರು

ಉಪದೇಶಿ ಅಜ್ಜ ನೆಲದ ಮೇಲೆ ಕುಕ್ಕರಿಸಿ ಕೂತು, ಎರಡೂ ತೋಳುಗಳಿಂದ ಮೊಣಕಾಲುಗಳನ್ನು ತಬ್ಬಿ, ಮೊಣಕಾಲಿನ ಹಿಂದಿನ ಸಂದಿಯಲ್ಲಿ, ತೋಳುಗಳ ಮೇಲೆ ಹಾಯುವಂತೆ, ತಮ್ಮ ಊರುಗೋಲನ್ನು ಅಡ್ಡಡ್ಡ ತೂರಿಸಿಕೊಳ್ಳುತ್ತಿದ್ದರು. ಹಾಗೆ ಸಿಕ್ಕಿಕೊಂಡ ಮೇಲೆ ತಾವಾಗಿ ಏಳಲು ಬರುತ್ತಿರಲಿಲ್ಲ. ಬೋಳುತಲೆ ಬೆವರುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. “ನೋಡ್ರಿ, ಹಿಂಗ ಕಟ್ಟಿ ಹೊಳಿಗೆ ಒಗದ್ರು” ಎನ್ನುತ್ತಿದ್ದರು. ಸಂಡೇ ಸ್ಕೂಲಿನ ಮಕ್ಕಳಾದ ನಾವು ಕೋಲು ಎಳೆದು ಅವರನ್ನು ಬಿಡಿಸುತ್ತಿದ್ದೆವು. ನಮಗೆ ನಗು ತಡೆಯಲಾಗುತ್ತಿರಲಿಲ್ಲ, ಅವರು ಮಾತ್ರ ಎಂದೂ ನಗಲಿಲ್ಲ.

ನವಲಗುಂದ ಕಡೆಯ ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಪಾದ್ರಿಗಳು ಪಟ್ಟಣದಿಂದ ತಿಂಗಳಿಗೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಪ್ರಾರ್ಥನೆ, ಪಾಠ, ಸತ್ತವರ ಮಣ್ಣು, ಗಂಡ ಹೆಂಡಿರ ಜಗಳ ಎಲ್ಲದಕ್ಕೂ ಈ ಉಪದೇಶಿ ಅಜ್ಜನೇ ಬೇಕು. ಐನೂರು ವರ್ಷದ ಹಿಂದಿನ ಜ್ಯೂರಿಕ್ ಪಟ್ಟಣ ಅವರಿಗೆ ಅಣ್ಣಿಗೇರಿಗಿಂತ ಹತ್ತಿರವಾಗಿತ್ತು. ಉಪದೇಶಿಗಳ ತರಬೇತಿಗೆ ಹೋದಾಗ ಎಲ್ಲೋ ಓದಿದ ಆ ಕಥೆ ಅವರನ್ನು ಹಿಡಿದದ್ದು ಮತ್ತೆ ಬಿಟ್ಟಿರಲಿಲ್ಲ.

ಅಲ್ಲಿ ಓದಿಕೊಂಡ ನಾಲ್ಕಾರು ತರುಣರು ಗುರುವಿನ ಜೊತೆ ವೇದಪುಸ್ತಕ, ಅಂದರೆ ಬೈಬಲ್, ಬಿಡಿಸಿ ಕೂತಿದ್ದರಂತೆ. ಕೂಸುಗಳ ನೆತ್ತಿಗೆ ನೀರು ಹಾಕಿ ದೀಕ್ಷಾಸ್ನಾನ ಕೊಡಿ ಎಂದು ಅದರಲ್ಲಿ ಎಲ್ಲೂ ಕಾಣಲಿಲ್ಲ. ಗುರು ಮಾತ್ರ, ಊರಿನ ಪಂಚರು ಹೇಳಿದ ಹಾಗೆ ಆಗಲಿ ಎಂದ. ಪಂಚರು, ಕೂಸಿಗೆ ನೀರು ಹಾಕಿಸಿ ಇಲ್ಲವೇ ಊರು ಬಿಡಿ ಎಂದರು. ಆ ಚಳಿಗಾಲದ ಒಂದು ಸಂಜೆ ತರುಣರು ಒಂದು ಮನೆಯಲ್ಲಿ ಸೇರಿದಾಗ, ಮೊದಲು ಪಾದ್ರಿಯಾಗಿದ್ದವನೊಬ್ಬ ಎದ್ದು, ನನಗೆ ದೀಕ್ಷಾಸ್ನಾನ ಕೊಡು ಎಂದು ಗೆಳೆಯನನ್ನು ಕೇಳಿಕೊಂಡ. ಆಮೇಲೆ ಅವನೇ ಉಳಿದವರಿಗೆ ಕೊಟ್ಟ. “ತಾವ ಕೇಳಿ ತಗೊಂಡ ನೀರು ಅದು. ಯಾರೂ ಅವ್ರ ತಲಿ ಹಿಡದು ಹಾಕಿದ್ದಲ್ಲ” ಎನ್ನುತ್ತಿದ್ದರು ಅಜ್ಜ. ಕೂಸಿದ್ದಾಗ ಒಮ್ಮೆ ನೀರು ಆದ ಮೇಲೂ ಎರಡನೇ ಸಲ ತಗೊಂಡವರು ಎಂದು ಜನ ಹಂಗಿಸಿ ಇಟ್ಟ ಹೆಸರೇ ಅನಾಬ್ಯಾಪ್ಟಿಸ್ಟರು. ಅವರ ಮುಂದಾಳುಗಳಲ್ಲಿ ಒಬ್ಬನನ್ನು, ನೀರು ಬೇಕಲ್ಲವೇ ತಗೋ ಎಂದು, ಅಜ್ಜ ಕೂತು ತೋರಿಸಿದ ಹಾಗೆ ಕಟ್ಟಿ, ಊರ ಹೊಳೆಯಲ್ಲೇ ಮುಳುಗಿಸಿ ಕೊಂದರು. ದಂಡೆಯ ಮೇಲೆ ನಿಂತಿದ್ದ ಅವನ ತಾಯಿ, ನಂಬಿಕೆ ಬಿಡಬೇಡ ಮಗನೇ ಎಂದು ಕೂಗಿ ಹೇಳಿದಳಂತೆ. 

ಮುಂದೆ ಆ ಪೈಕಿ ಕೆಲವರು ಕತ್ತಿ ಹಿಡಿದು ಒಂದು ಊರನ್ನೇ ವಶ ಮಾಡಿಕೊಂಡು ಹಾಳಾದದ್ದನ್ನೂ ಅಜ್ಜ ಮುಚ್ಚಿಡಲಿಲ್ಲ. ಚದುರಿಹೋದವರನ್ನು ಕೂಡಿಸಿದವನು ಡಚ್ಚರ ನಾಡಿನ ಒಬ್ಬ ಪಾದ್ರಿ. ಕೂಸಿನ ದೀಕ್ಷಾಸ್ನಾನದ ಬಗ್ಗೆ ಎಷ್ಟೋ ವರ್ಷ ಒಳಗೊಳಗೇ ಸಂಶಯ ಪಡುತ್ತ ಪಾದ್ರಿಗಿರಿ ಮಾಡಿಕೊಂಡಿದ್ದವನು ಕೊನೆಗೆ ನಾಚಿಕೆಯಾಗಿ ಹೊರಬಿದ್ದ. ಅವನ ತಲೆಗೆ ಬೆಲೆ ಕಟ್ಟಿದರು. ಆದರೂ ಕತ್ತಿ ಮುಟ್ಟಬೇಡಿ ಎನ್ನುತ್ತ ಊರೂರು ಅಲೆದ. ಇಂದಿಗೂ ಇರುವ ಮೆನೊನೈಟರು ಎಂಬ ಪಂಗಡದ ಹೆಸರು ಅವನ ಹೆಸರಿನಿಂದ ಬಂದದ್ದು.

“ಆ ಪಾದ್ರಿ ನನ್ನಂಥಾಂವ. ಗೊತ್ತಿದ್ದೂ ಗಪ್ ಕುಂತಾಂವ. ಕಡೀಕ ಅಂವ ಎದ್ದ, ನಾ ಇನ್ನೂ ಕುಂತೇನಿ” ಎಂದು ಅಜ್ಜ ಹೇಳುತ್ತಿದ್ದರು. ನಮ್ಮ ಚರ್ಚಿನ ಸಭೆಯಲ್ಲಿ ಕೂಸುಗಳಿಗೇ ದೀಕ್ಷಾಸ್ನಾನ. ಪಾದ್ರಿ ಬಂದಾಗ ನೀರಿನ ಬಟ್ಟಲು ಹಿಡಿದು ಬಾಜು ನಿಲ್ಲುವವರು ಇದೇ ಅಜ್ಜ.

ಕೊನೆಗೆ ಅವರೂ ಎದ್ದರು. ಏಳಲು ಅವರಿಗೆ ಸಿಕ್ಕಿದ್ದು ನನ್ನ ಮನೆ.

ನನ್ನನ್ನು ಅದೇ ಊರಿನಲ್ಲಿ ಸೋದರಮಾವನ ಮಗನಿಗೆ ಕೊಟ್ಟಿದ್ದರು. ಚೊಚ್ಚಲ ಗಂಡು ಕೂಸು ಹುಟ್ಟುತ್ತಲೇ ಸೊರಗಿತ್ತು. ಹುಬ್ಬಳ್ಳಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಪಾದ್ರಿ ಬರುವ ತನಕ ಕೂಸು ಉಳಿಯದು ಎನ್ನುವಾಗ ಉಪದೇಶಿಯೇ ನೀರು ಹಾಕಬಹುದೆಂಬ ವಾಡಿಕೆ ನಮ್ಮಲ್ಲಿದೆ. ನೀರು ಆಗದೆ ಸತ್ತವರಿಗೆ ಸ್ಮಶಾನದ ಬೇಲಿಯ ಒಳಗೆ ಮಣ್ಣಿಲ್ಲ ಎಂಬ ವಾಡಿಕೆಯೂ ಇದೆ. ಅತ್ತೆ ಅಜ್ಜನನ್ನು ಕರೆಸಿ ತಂಬಿಗೆ ಮುಂದಿಟ್ಟರು. ಅಜ್ಜ ಕೂಸಿನ ನೆತ್ತಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ತಂಬಿಗೆ ಮುಟ್ಟಲಿಲ್ಲ.

“ನೀರು ಹಾಕ್ರಿ ಅಜ್ಜಾರ” ಎಂದರು ಅತ್ತೆ.

“ಈ ಕೂಸಿಗೆ ನೀರು ಬೇಕಾಗಿಲ್ಲ ಯವ್ವಾ. ಯಾವ ಪಾಪ ಮಾಡೇತಿ ಇದು? ಹುಟ್ಟಿದಾಗಿಂದ ದೇವರದ ಐತಿ.”

“ನಾಳೆ ಮಣ್ಣಿಗೆ ಚರ್ಚ್ ಕಮಿಟಿಯವ್ರು ಬಿಡಬೇಕಲ್ರಿ?”

“ಬಿಡ್ತಾರ. ನಾ ಅದೀನಲ್ಲ, ನಾ ಹೇಳ್ತೀನಿ.”

ಕಮಿಟಿ ತಮ್ಮ ಮಾತು ಕೇಳುತ್ತದೆ ಎಂದು ಅವರು ನಿಜಕ್ಕೂ ನಂಬಿದ್ದರು. ನಾನೂ ನಂಬಿದೆ. ಮರುದಿನ ಬೆಳಿಗ್ಗೆ ಕೂಸು ಹೋಯಿತು.

ಸ್ಮಶಾನದ ಗೇಟಿಗೆ ಬೀಗ ಹಾಕಿತ್ತು. ಕೂಸನ್ನು ಎದೆಗವಚಿಕೊಂಡು ಗಂಡ ನಿಂತಿದ್ದ, ಪಕ್ಕದಲ್ಲಿ ನಾನು. ಅಜ್ಜ ಕಮಿಟಿಯವರಿಗೆ ವಚನ ಓದಿ ಹೇಳಿದರು, ಜ್ಯೂರಿಕ್ ಕಥೆ ಹೇಳಿದರು.  ಕಮಿಟಿಯ ಹಿರಿಯ ಕೆಟ್ಟವನೇನಲ್ಲ, ಎಲ್ಲ ಕೇಳಿ ತಾನೇ ದಾರಿಯೊಂದನ್ನು ತೋರಿಸಿದ: “ನೀರು ಹಾಕೇನಿ ಅಂತ ಒಂದ ಮಾತು ಅನ್ರಿ ಅಜ್ಜಾರ, ಗೇಟ್ ತೆಗಿತೀವಿ. ನಾವೇನ್ ನೋಡಾಕ ಬಂದಿಲ್ಲ.”

ನಾನು ಅಜ್ಜನ ಮುಖವನ್ನೇ ನೋಡಿದೆ. ಒಂದು ಸುಳ್ಳು. ನನ್ನ ಕೂಸಿಗೆ ಅಷ್ಟು ಸಾಕಿತ್ತು.

“ಹಾಕಿಲ್ಲ” ಎಂದರು ಅಜ್ಜ.

ಬೇಲಿಯ ಹೊರಗೆ ಜಾಲಿಕಂಟಿಯ ನಡುವೆ ಮಣ್ಣು ಕೊಟ್ಟೆವು. ಅಜ್ಜ ಸಲಿಕೆಗೆ ಕೈ ಹಾಕಿದಾಗ ನನ್ನ ಗಂಡ ಕಿತ್ತುಕೊಂಡ. ಆಮೇಲೆ ಮನೆಗೆ ಮಾತಾಡಿಸಲು ಬಂದ ಓಣಿಯ ಗೌಡತಿ, “ನಮ್ಮಲ್ಲಿ ಕೂಸಿಗೆ ಲಿಂಗಾ ಕಟ್ತೀವಿ. ಅದೇನು ಕೇಳತೈತೇನವಾ? ನಮ್ಮದು ಅಂತ ಕಟ್ತೀವಿ” ಎಂದು ಅತ್ತಳು. ಅಜ್ಜನ ಅಷ್ಟೆಲ್ಲ ಓದಿಗಿಂತ ಆ ಮಾತೇ ನನಗೆ ಸರಿ ಕಂಡಿತು.

ವಾರ ಕಳೆದು ಅಜ್ಜ ಬಾಗಿಲಿಗೆ ಬಂದು ನಿಂತಾಗ ಒಳಗೆ ಕರೆಯಲಿಲ್ಲ. “ನಿಮ್ಮ ಜ್ಯೂರಿಕ್‌ನವ್ರು ತಮ್ಮ ಜೀವಾ ಕೊಟ್ರು ಅಜ್ಜಾರ. ನೀವು ನನ್ನ ಕೂಸಿನ ಮಣ್ಣು ಕೊಟ್ರಿ. ಹೊಳಿ ದಂಡಿ ಮ್ಯಾಲೆ ನಿಂತಿದ್ದಾಕಿ ಮಗಾ ಬಾಯಿ ಬಿಟ್ಟು ಮಾತಾಡೂವಂಥಾ ಮಗಾ ಇದ್ದ. ನನ್ನ ಮಗಗ ಹೆಸರೂ ಇಟ್ಟಿದ್ದಿಲ್ಲ” ಎಂದೆ.  ಅವರು ಕೋಲೂರಿಕೊಂಡು ತಿರುಗಿ ಹೋದರು.

ಅವರ ಉಪದೇಶಿ ಕೆಲಸ ಹೋಯಿತು, ಅದರ ಜೊತೆ ಚರ್ಚಿನವರು ಕೊಟ್ಟಿದ್ದ ಮನೆಯೂ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿಯಲ್ಲಿ ಇದ್ದರು. ಭಾನುವಾರ ಎಲ್ಲರೂ ಚರ್ಚಿಗೆ ಹೋದಾಗ ಜಾಲಿಕಂಟಿಯ ಹತ್ತಿರ ಹೋಗಿ ಕೂಡುತ್ತಿದ್ದರಂತೆ. ಕೇಳಿ ನನಗೆ ಮೈ ಉರಿಯಿತು. ಅಲ್ಲಿ ಕೂಡುವ ಹಕ್ಕು ಇವರಿಗೆ ಯಾರು ಕೊಟ್ಟರು? ಮುಂದೆ ಮಗಳು ಹುಟ್ಟಿದಾಗ ನೀರು ಹಾಕಿಸಿ ಎಂದು ಕಮಿಟಿಯವರೇ ನೆನಪು ಮಾಡಿದರು. ನಾನು ಬೇಡ ಎಂದೆ. ನನ್ನ ಮಗನನ್ನು ಹೊರಗಿಟ್ಟವರ ನೀರು ನನ್ನ ಮಗಳಿಗೆ ಬೇಡ. ಬೇಕಾದರೆ ಅವಳೇ ದೊಡ್ಡವಳಾಗಿ ಕೇಳಿ ತೆಗೆದುಕೊಳ್ಳಲಿ. ಸಂತೆಯಲ್ಲಿ ಸಿಕ್ಕ ಅಜ್ಜನಿಗೆ, “ನಿಮ್ಮ ಸಲುವಾಗಿ ಅಲ್ಲ ಮತ್ತ” ಎಂದೆ. “ಗೊತ್ತೈತಿ ಬೇ” ಎಂದರು.

ಅಜ್ಜ ಹಾಸಿಗೆ ಹಿಡಿದಾಗ ಹೇಳಿ ಕಳಿಸಿದರು. ಹೋಗಬಾರದೆಂದುಕೊಂಡೇ ಹೋದೆ. “ನನ್ನನ್ನ ಬೇಲಿ ಹೊರಗ ಇಡಸು ತಂಗಿ. ಕೂಸಿನ ಬಾಜೂಕ. ನೀ ಒಪ್ಪಿದ್ರ ಅಷ್ಟ” ಎಂದರು. ತಲೆಯಾಡಿಸಿದೆ. ಕ್ಷಮಿಸಿದೆ ಎಂದು ಮಾತ್ರ ಬಾಯಿಂದ ಬರಲಿಲ್ಲ, ಅವರು ಕೇಳಲೂ ಇಲ್ಲ.

ಸತ್ತ ಸುದ್ದಿ ಹಬ್ಬಿದ್ದೇ ತಡ, ಬಾಳಿನುದ್ದಕ್ಕೂ ಸಭೆಗೆ ಸೇವೆ ಮಾಡಿದ ಹಿರಿಯರು ಎಂದು ಫೋಟೊ ಹಾಕಿದ ಬ್ಯಾನರ್ ಬಂತು. ಗೇಟಿನ ಒಳಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಕುಣಿ ತೋಡಿದ್ದರು. ನಾನು ಎಲ್ಲರೆದುರು ಅಜ್ಜನ ಮಾತು ಹೇಳಿದೆ. ಕಮಿಟಿಯ ಹಿರಿಯ ನಕ್ಕ. “ಸತ್ತಾವ್ರನ್ನ ಕೇಳಿ ಯಾರರೆ ಮಣ್ಣು ಮಾಡ್ತಾರೇನವಾ? ಇದು ಸಭೆದ ಮರ್ಯಾದಿ.”

ಬಾಯಿ ಬಾರದವರ ಮೇಲೆ ನಿಮ್ಮ ತೀರ್ಮಾನ ಹೇರಬೇಡಿ ಎಂದಷ್ಟೇ ಅಜ್ಜ ಜೀವಮಾನವಿಡೀ ಹೇಳಿದ್ದು. ಕೂಸಿಗೂ ಹೆಣಕ್ಕೂ ಬೇಡ ಎನ್ನಲು ಬಾಯಿಲ್ಲ. ಆ ದಿನ ಅವರ ಪರವಾಗಿ ನಾನೊಬ್ಬಳೇ ಬೇಡ ಎಂದೆ, ಯಾರೂ ಕೇಳಲಿಲ್ಲ. ಹಾಡು ಹೇಳುತ್ತ ಒಳಗೆ ಹೊತ್ತುಕೊಂಡು ಹೋದರು.

ಹಿಡಿಮಣ್ಣು ಹಾಕಲು ಎಲ್ಲರೂ ಸಾಲು ಹಚ್ಚಿದರು. ನಾನು ಗೇಟು ದಾಟಲಿಲ್ಲ. ಅಜ್ಜನ ಮೇಲಿನ ನನ್ನ ಸಿಟ್ಟು ಆಗಲೂ ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ. ಆದರೂ ಬೇಲಿ ಸುತ್ತಿಕೊಂಡು ಹೋಗಿ, ಅವರ ಪಾಲಿನ ಹಿಡಿಮಣ್ಣನ್ನು ನನ್ನ ಮಗನ ಮಗ್ಗುಲಲ್ಲಿ ಹಾಕಿ ಬಂದೆ.